ಕಾಲಿನ ಅಹವಾಲು

ದೇಹದ ಅವಯವಗಳಲ್ಲಿ ಕಾಲಿನಷ್ಟು ದುಡಿದು, ಕಾಲಿನಷ್ಟು ಅಲಕ್ಷ್ಯಕ್ಕೆ ಗುರಿಯಾದದ್ದು ಬೇರೊಂದಿಲ್ಲ. ಹಿರಿಯರ ಪಾದ ಮುಟ್ಟಿ ನಮಸ್ಕರಿಸುತ್ತೇವೆ. ಆದರೆ ಆ ಪಾದದ ಅಡಿಯಲ್ಲಿ ಏನಾಗಿದೆಯೆಂದು ಬಗ್ಗಿದಾಗಲೂ ನೋಡುವುದಿಲ್ಲ. ಹಲ್ಲು ನೋಯ್ದರೆ, ಕಣ್ಣು ಕೆಂಪಾದರೆ ಅಂದೇ ದವಾಖಾನೆಗೆ ಹೋಗುವವರೂ ಕಾಲಿನ ವಿಷಯ ಬಂದಾಗ "ನಾಲ್ಕು ದಿನ ಓಡಾಡಿದರೆ ತಾನೇ ಸರಿಹೋದೀತು" ಎಂದುಬಿಡುತ್ತಾರೆ. ಈ ಔದಾಸೀನ್ಯಕ್ಕೆ ನಾವು ತೆರುವ ಬೆಲೆ ಎಂಥದೆಂಬುದನ್ನು ವಾಚಕ ಮಿತ್ರರ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಬಿಂಕದಕಟ್ಟಿಯನ್ನೇ ತೆಗೆದುಕೊಳ್ಳಿ. ಗದಗಿನಿಂದ ಹುಬ್ಬಳ್ಳಿಗೆ ಹೋಗುವ ದಾರಿಯ ಮೇಲಿನ ಊರು. ಮೃಗಾಲಯದಿಂದಾಗಿ ನಾಲ್ಕು ಜನ ಬಲ್ಲ ಊರು. ಮೃಗಾಲಯದ ಪ್ರಾಣಿ ಕುಂಟಿದರೆ ವೈದ್ಯರನ್ನು ಕರೆಸುವವರಿದ್ದಾರೆ. ರೈತನ ಎತ್ತು ಕುಂಟಿದರೆ ಅಂದೇ ಔಷಧ. ಆದರೆ ಜೋಳದ ಕೂಳೆ ಚುಚ್ಚಿಸಿಕೊಂಡ, ಜಾಲಿಮುಳ್ಳು ಮುರಿದುಕೊಂಡ ಮನುಷ್ಯನಿಗೆ ಮಾತ್ರ "ನಾಳೆ ನೋಡೋಣ". ಹಿಂದೆ ದೂರದ ನೆವವಿತ್ತು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಆಯಿತು. 2015ರಲ್ಲಿ ಗದಗಿನಲ್ಲಿಯೇ ಆಯಿತು. ಈಗ ಉಳಿದಿರುವುದು ಒಂದು ದಿನದ ಕೂಲಿ ಹೋಗುವ ಚಿಂತೆ, ಮತ್ತು "ಇಷ್ಟಕ್ಕೆಲ್ಲ ಡಾಕ್ಟರರೇ?" ಎಂಬ ಬಿಂಕ. ಕೂಲಿಯ ಚಿಂತೆ ನಿಜವಾದದ್ದು, ಅದನ್ನು ನಗುವಂತಿಲ್ಲ. ಬಿಂಕವನ್ನಾದರೂ ಊರಿನ ಹೆಸರಿಗೆ ಬಿಟ್ಟುಕೊಟ್ಟು ನಾವು ಸುಮ್ಮನಿರಬಹುದು!

ಎಲುಬು ಮುರಿದಾಗ ನಾಟಿ ವೈದ್ಯರ ಹತ್ತಿರ ಓಡುವುದು ನಮ್ಮ ಕಡೆಯ ರೂಢಿ. ಅವರ ಕೈಗುಣವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಬಡವನಿಗೆ ಬೇರಾರೂ ಇಲ್ಲದ ಕಾಲದಲ್ಲಿ ಅವರೇ ಆಸರೆಯಾಗಿದ್ದರು. ಆದರೆ ಎಲುಬು ಯಾವ ರೀತಿ ಮುರಿದಿದೆಯೆಂಬುದು ಕ್ಷ-ಕಿರಣದ ಚಿತ್ರವಿಲ್ಲದೆ ಖಚಿತವಾಗಿ ತಿಳಿಯದು. ಇದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಬಿದಿರಿನ ದಬ್ಬೆ ಇಟ್ಟು ಬಿಗಿದಾಗ, ಒಳಗೆ ಬಾವು ಏರುತ್ತಿದ್ದಂತೆ ರಕ್ತದ ಓಟ ನಿಲ್ಲಬಹುದು. ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರಿದರೆ, ಬೆರಳು ತಣ್ಣಗಾಗಿ ನೀಲಿಗಟ್ಟಿದರೆ, ಜೋಮು ಹಿಡಿದರೆ, ಬೆಳಗಾಗಲೆಂದು ಕಾಯಬಾರದು. ಕೆಲವೇ ತಾಸುಗಳಲ್ಲಿ ಸ್ನಾಯು ಸಾಯುತ್ತದೆ; ಆಮೇಲೆ ಕಾಲನ್ನೇ ತೆಗೆಯಬೇಕಾಗಿ ಬರಬಹುದು. ದವಾಖಾನೆಯಲ್ಲಿ ಹಾಕಿದ ಪ್ಲಾಸ್ಟರಿಗೂ ಈ ಮಾತು ಅಷ್ಟೇ ಸತ್ಯ.

ಇಲ್ಲಿಯವರೆಗೆ ಹೇಳಿದ್ದು ನೋಯುವ ಕಾಲಿನ ಮಾತು. ನೋವೆಂಬುದು ಕಾಲು ನಮಗೆ ಸಲ್ಲಿಸುವ ಅಹವಾಲು. ಇಂದಲ್ಲ ನಾಳೆ ನಾವದನ್ನು ಕೇಳಿಯೇ ಕೇಳುತ್ತೇವೆ. ಅಹವಾಲನ್ನೇ ಸಲ್ಲಿಸದ ಕಾಲಿನ ಗತಿಯೇನು? ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ಪಾದದ ನರಗಳು ಮೆಲ್ಲಗೆ ಸೂಕ್ಷ್ಮತೆ ಕಳೆದುಕೊಳ್ಳುತ್ತವೆ. ಚಪ್ಪಲಿಯೊಳಗಿನ ಹರಳು ತಿಳಿಯದು, ಕಾಯಿಸಿದ ನೀರಿನ ಬಿಸಿ ತಿಳಿಯದು. "ಗಾಯವಿದೆ, ಆದರೆ ನೋವಿಲ್ಲ" ಎಂದು ರೋಗಿ ಸಮಾಧಾನ ತಾಳುತ್ತಾನೆ. ನೋವಿಲ್ಲವೆಂಬುದೇ ಅಲ್ಲಿ ಗಂಡಾಂತರ. ಕುಷ್ಠರೋಗದಲ್ಲಿಯೂ ಹೀಗೆಯೇ: ಸ್ಪರ್ಶವಿಲ್ಲದ ಮಚ್ಚೆ, ಮೇಲೆತ್ತಲಾಗದ ಪಾದ. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಔಷಧವಿದೆ, ಗುಣವೂ ಆಗುತ್ತದೆ. ತಡಮಾಡಿ ಸತ್ತ ನರ ಮಾತ್ರ ಸಾಮಾನ್ಯವಾಗಿ ಮರಳಿ ಬಾರದು. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಕೊಂಡರೆಂಬ ಗಾದೆ ನಮ್ಮಲ್ಲಿದೆ. ಉಗುರಿನಲ್ಲಿ ಹೋಗುವಾಗ ಸುಮ್ಮನಿದ್ದು ಕೊಡಲಿಯನ್ನು ನಾವೇ ಕರೆಯುತ್ತಿದ್ದೇವೆ.

ಗಾಯವೇ ಇಲ್ಲದೆ ಬರುವ ನಿಶ್ಶಕ್ತಿಯನ್ನು "ವಾಯು" ಎಂದು ಎಣ್ಣೆ ತಿಕ್ಕಿ ಕೂಡುವುದೂ ತಪ್ಪು. ಒಂದು ಪಾರ್ಶ್ವದ ಕೈಕಾಲು ಒಮ್ಮೆಲೇ ಸೋತು, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಲಕ್ವ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಎರಡೂ ಕಾಲುಗಳ ಸೋಲು ದಿನದಿನಕ್ಕೆ ಮೇಲೇರುತ್ತ ಬಂದರೆ ಅದು ಉಸಿರಾಟವನ್ನೂ ತಟ್ಟೀತು. ಮಕ್ಕಳ ಕಾಲು ದಿಢೀರನೆ ಸೋತರಂತೂ ಅದು ಮನೆಯೊಂದರ ಚಿಂತೆಯಷ್ಟೇ ಅಲ್ಲ. 2014ರಲ್ಲಿ ಭಾರತ ಪೋಲಿಯೋಮುಕ್ತವೆಂದು ಘೋಷಿತವಾಯಿತು. ಹಾಗಿದ್ದರೂ ಹದಿನೈದು ವರ್ಷದೊಳಗಿನ ಅಂಥ ಪ್ರತಿ ಮಗುವಿನ ವರದಿಯನ್ನು ಆರೋಗ್ಯ ಇಲಾಖೆಗೆ ಕೊಡಬೇಕು, ಮಲಪರೀಕ್ಷೆ ಆಗಬೇಕು. ಮುಂಡರಗಿ ಭಾಗದ ಕೆಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅಂಥ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲು, ಬೆನ್ನೆಲುಬು ಬಿಗಿದು ನಡಿಗೆಯೇ ಕೆಡಬಹುದು. ಅಲ್ಲಿ ವೈದ್ಯರ ಸಲಹೆಯೊಡನೆ ಒಳ್ಳೆಯ ನೀರೂ ಬೇಕು; ಅದನ್ನು ಕೇಳಬೇಕಾದದ್ದು ಪಂಚಾಯತಿಯನ್ನು.

ಸಲಹೆ ಕೇಳುವುದಕ್ಕೂ ಒಂದು ಕ್ರಮವುಂಟು. "ಕಾಲು ನೋವು, ಗುಳಿಗೆ ಕೊಡಿ" ಎಂದರೆ ಗುಳಿಗೆಯಷ್ಟೇ ಸಿಕ್ಕೀತು. ಎಂದಿನಿಂದ, ಒಂದು ಕಾಲೋ ಎರಡೋ, ನಡೆದರೆ ಹೆಚ್ಚೋ ಮಲಗಿದಾಗ ಹೆಚ್ಚೋ, ಸ್ಪರ್ಶ ತಿಳಿಯುವುದೋ ಇಲ್ಲವೋ, ಬೆನ್ನುನೋವಿನೊಡನೆ ಮೂತ್ರ ಕಟ್ಟಿದೆಯೋ, ಈಗ ತೆಗೆದುಕೊಳ್ಳುವ ಔಷಧ ಯಾವುದು—ಇವನ್ನು ಹೇಳಬೇಕು. ಧನುರ್ವಾಯುವಿನ ಚುಚ್ಚುಮದ್ದು ಎಂದು ಆಗಿತ್ತೆಂಬುದನ್ನೂ ನೆನಪಿಡಬೇಕು. ಅಕ್ಷರ ಬಾರದ ಅಜ್ಜ ಅಜ್ಜಿಯರಿಗೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಡಲು ವೈದ್ಯಶಾಸ್ತ್ರ ಓದಬೇಕಿಲ್ಲ. ಕಲಾ ವಿಭಾಗದ ನಮ್ಮ ವಿದ್ಯೆಯೇ ಸಾಕು.

ಆದ್ದರಿಂದ ಅಧ್ಯಾಪಕರಲ್ಲಿ ನನ್ನದೊಂದು ವಿನಂತಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ನಾವು ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ; ಸಂತೋಷ. ಅದರ ಜೊತೆಗೆ ಒಂದು ಬೆಳಗನ್ನು ಊರಿನ ವೃದ್ಧರ ಪಾದಪರೀಕ್ಷೆಗೆ ಮೀಸಲಿಡಬಾರದೇಕೆ? ಸ್ಪರ್ಶ ನೋಡಲು ವೈದ್ಯರು ಬಳಸುವುದು ಒಂದು ನೈಲಾನ್ ಎಳೆಯನ್ನು. ಅದನ್ನು ಬಳಸಲು ನಮಗೆ ಕಲಿಸುವಂತೆ ಸರಕಾರಿ ಆಸ್ಪತ್ರೆಯವರನ್ನು ಕೇಳಿಕೊಳ್ಳಬಹುದು. ವಿದ್ಯಾರ್ಥಿ ಮಿತ್ರರು ಶಿಬಿರಕ್ಕಾಗಿ ಕಾಯಬೇಕಾಗಿಲ್ಲ. ಈ ಸಲ ರಜೆಗೆ ಊರಿಗೆ ಹೋದಾಗ ಅಜ್ಜಿಯ ಕಾಲಿಗೆ ನಮಸ್ಕರಿಸಿ, ಬೆಳಕಿಗೆ ಹಿಡಿದು ಅಂಗಾಲನ್ನೂ ನೋಡಿರಿ. ಗಾಯವೊಂದು ಕಂಡು "ನೋಯುತ್ತದೆಯೇ?" ಎಂದು ಕೇಳಿದಾಗ ಆಕೆ "ಇಲ್ಲಪ್ಪಾ, ಏನೂ ಗೊತ್ತಾಗೂದಿಲ್ಲ" ಎಂದರೆ, ಮರುದಿನದ ಮೊದಲ ಬಸ್ಸಿಗೆ ಆಕೆಯನ್ನು ಕರೆದುಕೊಂಡು ಹೊರಡಿರಿ.