ಮರಾಠರ ದುರ್ಗಗಳೂ ರೈತನ ಬಣವೆಯೂ

೨೦೨೫ನೆಯ ಇಸವಿ ಜುಲೈ ೧೧ನೆಯ ತಾರೀಖು ಪ್ಯಾರಿಸ್ ನಗರದಲ್ಲಿ ನೆರೆದಿದ್ದ ಸಮಿತಿಯು ಮರಾಠರ ಹನ್ನೆರಡು ದುರ್ಗಗಳನ್ನು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿದುದನ್ನು ಓದುಗರು ಬಲ್ಲರು. ಶಿವನೇರಿ, ರಾಜಗಡ, ರಾಯಗಡ, ಪ್ರತಾಪಗಡ, ಲೋಹಗಡ, ಸಾಲ್ಹೇರ, ಪನ್ಹಾಳಗಳೆಂಬ ಬೆಟ್ಟದ ಕೋಟೆಗಳೂ, ಖಾಂದೇರಿ, ಸುವರ್ಣದುರ್ಗ, ವಿಜಯದುರ್ಗ, ಸಿಂಧುದುರ್ಗಗಳೆಂಬ ಕಡಲಂಚಿನ ಕೋಟೆಗಳೂ ಮಹಾರಾಷ್ಟ್ರದವು. ಹನ್ನೆರಡನೆಯದಾದ ಜಿಂಜಿಯೊಂದೇ ದೂರದ ತಮಿಳುನಾಡಿನದು. ಈ ಗೌರವವು ಯೋಗ್ಯಸ್ಥಳಕ್ಕೆ ಸಂದಿತೆಂದು ಹೇಳಲು ನಮಗೆ ಸಂಕೋಚವಿಲ್ಲ. ಆದರೆ ಇಂತಹ ಸಂದರ್ಭಗಳಲ್ಲಿ ನಡೆಯುವ ಭಾಷಣಗಳಲ್ಲಿ ಕೇಳಿಬರುವುದೆಲ್ಲವೂ ಕತ್ತಿ ಗುರಾಣಿಗಳ ಕಥೆಯೇ. ಆ ಕತ್ತಿಯನ್ನು ಹಿಡಿದವನಿಗೆ ಸಂಬಳವನ್ನು ಯಾರು ಕೊಟ್ಟರು, ಅವನ ಕುದುರೆಗೆ ಹುಲ್ಲು ಯಾರ ಬಣವೆಯಿಂದ ಬಂದಿತು ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಮರಾಠರ ಉತ್ಕರ್ಷಕ್ಕೂ ಅವನತಿಗೂ ಕಾರಣವನ್ನು ಹುಡುಕುವವರು ಮೊದಲು ಈ ಪ್ರಶ್ನೆಯನ್ನೇ ಕೇಳತಕ್ಕದ್ದೆಂದು ನಮ್ಮ ಅಭಿಪ್ರಾಯ.

ಶಿವಾಜಿ ಮಹಾರಾಜರು ರಾಜ್ಯವನ್ನು ಕಟ್ಟಲು ಪ್ರಾರಂಭಿಸಿದಾಗ ಅವರ ಕೈಯಲ್ಲಿದ್ದುದು ಪುಣೆಯ ಸುತ್ತಣ ಜಹಗೀರು ಮಾತ್ರ. ತಂದೆಯಾದ ಷಹಾಜಿಯು ವಿಜಾಪುರದ ಸರದಾರನಾಗಿ ಬೆಂಗಳೂರಿನಲ್ಲಿದ್ದನು. ೧೬೩೮ರಲ್ಲಿ ರಣದುಲ್ಲಾಖಾನನು ಕೆಂಪೇಗೌಡನಿಂದ ಗೆದ್ದ ಆ ಊರು ಅವನಿಗೆ ಜಹಗೀರಾಗಿ ಬಂದಿತ್ತು. ಸಹ್ಯಾದ್ರಿಯ ಮಾವಳರನ್ನು ಕೂಡಿಸಿ ಮಹಾರಾಜರು ೧೬೫೬ರಲ್ಲಿ ಜಾವಳಿಯನ್ನು ತೆಗೆದುಕೊಂಡುದು, ೧೬೫೯ರ ನವೆಂಬರಿನಲ್ಲಿ ಪ್ರತಾಪಗಡದ ಬುಡದಲ್ಲಿ ಅಫಜಲಖಾನನನ್ನು ಕೊಂದುದು, ೧೬೬೩ರಲ್ಲಿ ಪುಣೆಯಲ್ಲಿಯೇ ಶಾಯಿಸ್ತೇಖಾನನ ಬಿಡಾರಕ್ಕೆ ನುಗ್ಗಿದುದು, ಇವೆಲ್ಲ ಶಾಲೆಯ ಹುಡುಗರಿಗೂ ತಿಳಿದ ಸಂಗತಿಗಳು. ಅಷ್ಟಾಗಿ ತಿಳಿಯದಿರುವುದು ಇನ್ನೊಂದು. ೧೬೬೫ರ ಪುರಂದರದ ಒಪ್ಪಂದದಲ್ಲಿ ಮೂವತ್ತೈದು ಕೋಟೆಗಳ ಪೈಕಿ ಇಪ್ಪತ್ತಮೂರನ್ನು, ವರ್ಷಕ್ಕೆ ನಾಲ್ಕು ಲಕ್ಷ ಹೊನ್ನಿನ ಉತ್ಪನ್ನದೊಡನೆ, ಅವರು ಮೊಗಲರಿಗೆ ಬಿಟ್ಟುಕೊಡಬೇಕಾಯಿತು. ಉಳಿದುದು ಹನ್ನೆರಡು ಕೋಟೆಗಳು ಮತ್ತು ಒಂದು ಲಕ್ಷ ಹೊನ್ನು. ಮರುವರ್ಷ ಆಗ್ರಾದಲ್ಲಿ ಸೆರೆ. ಇಷ್ಟನ್ನು ಕಳೆದುಕೊಂಡ ರಾಜ್ಯವು ೧೬೭೦ರಲ್ಲಿ ಒಂದೇ ವರ್ಷದಲ್ಲಿ ಬಹುಭಾಗವನ್ನು ಮರಳಿ ಪಡೆದು, ೧೬೭೪ರಲ್ಲಿ ರಾಯಗಡದ ಮೇಲೆ ಪಟ್ಟಾಭಿಷೇಕವನ್ನು ಕಂಡಿತು. ಬರಿಯ ಸಾಹಸದಿಂದ ಇದು ಆಗತಕ್ಕದ್ದಲ್ಲ. ಒಡೆಯನು ದೂರದ ಸೆರೆಯಲ್ಲಿದ್ದಾಗಲೂ ರೈತನೂ ಕೋಟೆಯ ಕಾವಲಿನವನೂ ಅವನ ಕಡೆಯವರಾಗಿಯೇ ಉಳಿದರು.

ಏಕೆ ಉಳಿದರು? ಕೃಷ್ಣಾಜಿ ಅನಂತ ಸಭಾಸದನು ಬರೆದ ಬಖರಿನಲ್ಲಿ ಇದಕ್ಕೆ ಉತ್ತರವಿದೆ. ಪ್ರತಿಯೊಂದು ಕೋಟೆಗೂ ಮೂವರು ಅಧಿಕಾರಿಗಳು: ಹವಾಲದಾರ, ಸಬನೀಸ, ಕಾರಖಾನೀಸ. ಮೂವರೂ ಬೇರೆ ಬೇರೆ ಜಾತಿಯವರು. ಒಬ್ಬನು ಶತ್ರುವಿಗೆ ಮಾರಿಕೊಂಡರೂ ಇನ್ನಿಬ್ಬರು ಉಳಿಯತಕ್ಕ ಏರ್ಪಾಡು. ಸವಾರರಲ್ಲಿ ಸ್ವಂತ ಕುದುರೆಯುಳ್ಳ ಶಿಲೇದಾರರು ಕೆಲವರಿದ್ದರೂ, ಸೈನ್ಯದ ಜೀವಾಳವೆಂದರೆ ಸರಕಾರದ ಕುದುರೆಯನ್ನು ಹತ್ತಿ ಸರಕಾರದ ಸಂಬಳವನ್ನು ತಿನ್ನುವ ಬಾರಗೀರರು. ಸಂಬಳವು ನಗದು. ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯು ಮಹಾರಾಜರಿಗೆ ಸಮ್ಮತವಲ್ಲ. ದಂಡಿನಲ್ಲಿ ಹೆಂಗಸರಿಗೆ ಎಡೆಯಿಲ್ಲ. ಎಂಟು ತಿಂಗಳು ಹೊರಗೆ ಹೋಗಿ ಮಳೆಗಾಲಕ್ಕೆ ಮರಳಿದಾಗ, ತಂದುದೆಲ್ಲಕ್ಕೂ ಖಜಾನೆಯಲ್ಲಿ ಲೆಕ್ಕವೊಪ್ಪಿಸಬೇಕು.

೧೬೭೩ರ ಮೇ ತಿಂಗಳಲ್ಲಿ ಚಿಪಳೂಣದ ಸಮೀಪದಲ್ಲಿ ತಂಗಿದ್ದ ದಂಡಿನ ಅಧಿಕಾರಿಗಳಿಗೆ ಮಹಾರಾಜರ ಕಡೆಯಿಂದ ಹೋದ ಪತ್ರವೊಂದು ಉಳಿದುಬಂದಿದೆ. ಅದರ ಭಾವವನ್ನು ಮಾತ್ರ ಇಲ್ಲಿ ಹೇಳುವೆವು. ಮಳೆಗಾಲಕ್ಕೆಂದು ಕೂಡಿಟ್ಟ ದಾಣಿಯನ್ನೂ ಹುಲ್ಲನ್ನೂ ಈಗಲೇ ಮುಗಿಸಿಬಿಟ್ಟರೆ ನಡುಮಳೆಯಲ್ಲಿ ಕುದುರೆಗಳು ಸಾಯುವುವು. ಆಗ ನೀವು ಕುಣಬಿಗಳ ಮನೆಗೆ ನುಗ್ಗಿ ಒಬ್ಬನ ಕಾಳನ್ನು, ಒಬ್ಬನ ರೊಟ್ಟಿಯನ್ನು, ಒಬ್ಬನ ಸೊಪ್ಪು ಹುಲ್ಲುಗಳನ್ನು ಕಸಿಯುವಿರಿ. ಇವರಿಗಿಂತ ಮೊಗಲರೇ ಲೇಸೆಂದು ರೈತರು ಅಂದುಕೊಳ್ಳುವರು. ಬೇಕಾದುದನ್ನು ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳಬೇಕು. ಅಷ್ಟಕ್ಕೇ ಪತ್ರವು ಮುಗಿಯುವುದಿಲ್ಲ. ರಾತ್ರಿ ದೀಪವನ್ನು ಆರಿಸದೆ ಮಲಗಿದರೆ ಇಲಿಯು ಉರಿಯುವ ಬತ್ತಿಯನ್ನು ಕಚ್ಚಿಕೊಂಡು ಹೋಗಿ ಬಣವೆಗೆ ಬೆಂಕಿ ಬಿದ್ದೀತು, ಎಚ್ಚರಿಕೆ ಎಂದೂ ಅದರಲ್ಲಿದೆ. ಚಕ್ರವರ್ತಿಯನ್ನು ಎದುರುಹಾಕಿಕೊಂಡ ಒಬ್ಬ ರಾಜನು ಇಲಿಯ ಬಾಯಿಯ ಬತ್ತಿಯ ವಿಚಾರವನ್ನೂ ಮರೆಯಲಿಲ್ಲವೆಂಬುದು ನಮಗೆ ಅಫಜಲಖಾನನ ವಧೆಗಿಂತಲೂ ಹೆಚ್ಚಿನ ಆಶ್ಚರ್ಯವನ್ನುಂಟುಮಾಡುತ್ತದೆ.

ಆದರೆ ಇತಿಹಾಸವನ್ನು ಓದುವವನು ಅರ್ಧಕ್ಕೇ ನಿಲ್ಲಬಾರದು. ಅದೇ ೧೬೭೩ರಲ್ಲಿ ಮರಾಠರ ದಂಡು ನಮ್ಮ ಹುಬ್ಬಳ್ಳಿಯನ್ನು ಸುಲಿಯಿತು. ಇಂಗ್ಲಿಷರ ಕೋಠಿಯೂ ಉಳಿಯಲಿಲ್ಲ. ೧೬೬೫ರಲ್ಲಿ ಕೆಳದಿಯವರ ರೇವುಪಟ್ಟಣವಾದ ಬಸರೂರಿನ ಮೇಲೆ ಮಹಾರಾಜರೇ ನೌಕಾಪಡೆಯೊಡನೆ ಬಂದು ಅದನ್ನು ಕೊಳ್ಳೆಹೊಡೆದರು. ಸೂರತ್ತು ಎರಡು ಸಲ, ೧೬೬೪ರಲ್ಲಿಯೂ ೧೬೭೦ರಲ್ಲಿಯೂ, ಬರಿದಾಯಿತು. ತನ್ನ ರಾಜ್ಯದ ರೈತನ ಸೊಪ್ಪಿನ ದಂಟಿಗೂ ರಕ್ಷಣೆ. ಎಲ್ಲೆಯ ಆಚೆಯವನ ಭಂಡಾರಕ್ಕೆ ಕೊಳ್ಳೆ. ಆ ಕಾಲದ ರಾಜರೆಲ್ಲರೂ ಹೀಗೆಯೇ ನಡೆದರೆಂಬುದು ನಿಜ. ನಗದು ಸಂಬಳಕ್ಕೆ ಹಣವು ಎಲ್ಲಿಂದಾದರೂ ಬರಲೇಬೇಕಾಗಿತ್ತೆಂಬುದೂ ನಿಜ. ಆದರೂ ಸ್ವರಾಜ್ಯದ ಎಲ್ಲೆಯು ಎಲ್ಲಿ ಮುಗಿಯುವುದೆಂಬ ಪ್ರಶ್ನೆಯು ಅಂದೇ ಹುಟ್ಟಿತು. ಮುಂದಣ ನೂರು ವರ್ಷಗಳಲ್ಲಿ ಅದಕ್ಕೆ ಸಿಕ್ಕ ಉತ್ತರವು ಸಂತೋಷಕರವಾದುದಲ್ಲ.

೧೬೮೦ರಲ್ಲಿ ಮಹಾರಾಜರು ತೀರಿಕೊಂಡರು. ಔರಂಗಜೇಬನು ದಕ್ಷಿಣಕ್ಕೆ ಇಳಿದು ವಿಜಾಪುರ, ಗೋಲ್ಕೊಂಡಗಳನ್ನು ನುಂಗಿದನು. ೧೬೮೯ರ ಮಾರ್ಚಿನಲ್ಲಿ ಸಂಭಾಜಿಯನ್ನು ಹಿಂಸಿಸಿ ಕೊಲ್ಲಿಸಿದನು. ರಾಯಗಡವು ಬಿದ್ದಿತು, ಯೇಸೂಬಾಯಿಯೂ ಬಾಲಕನಾದ ಶಾಹುವೂ ಸೆರೆಸಿಕ್ಕರು. ಹೊಸ ದೊರೆಯಾದ ರಾಜಾರಾಮನು ಪನ್ಹಾಳದಿಂದ ಜಿಂಜಿಗೆ ತಪ್ಪಿಸಿಕೊಂಡು ಹೋಗಬೇಕಾಯಿತು. ದಾರಿಯು ಕನ್ನಡನಾಡಿನೊಳಗಿಂದಲೇ. ಲಿಂಗವಂತ ಯಾತ್ರಿಕರ ವೇಷದಲ್ಲಿ ಬಂದ ಅವನ ಪರಿವಾರಕ್ಕೆ ಕೆಳದಿಯ ರಾಣಿ ಚೆನ್ನಮ್ಮಾಜಿಯು ಆಶ್ರಯವಿತ್ತಳೆಂದು ಹೇಳುವರು. ಬಸರೂರನ್ನು ಸುಲಿದವನ ಮಗನಿಗೆ, ಬಸರೂರಿನ ಒಡತಿಯು! ಬಾದಶಹನ ಸೈನ್ಯವು ಬಿದನೂರಿನ ಮೇಲೆ ಬಂದಿತು. ರಾಣಿಯು ಕಾದಿದಳು, ಕಡೆಗೆ ಸಂಧಿಯನ್ನೂ ಮಾಡಿಕೊಂಡಳು. ರಾಜಾರಾಮನನ್ನು ಮಾತ್ರ ಒಪ್ಪಿಸಲಿಲ್ಲ. ಜಿಂಜಿಯು ಇಂದು ಮರಾಠರ ದುರ್ಗವೆಂದು ಜಗತ್ತಿನ ಪಟ್ಟಿಯಲ್ಲಿ ಸೇರಿದ್ದರೆ ಅದರಲ್ಲಿ ಈ ಕನ್ನಡ ರಾಣಿಯ ಪಾಲು ಇದೆ. ಸುಮಾರು ಎಂಟು ವರ್ಷಗಳ ಮುತ್ತಿಗೆಯನ್ನು ತಾಳಿಕೊಂಡ ಆ ಕೋಟೆಯು ೧೬೯೮ರಲ್ಲಿ ಬಿದ್ದಾಗ ರಾಜಾರಾಮನು ಅಲ್ಲಿರಲಿಲ್ಲ.

ಈ ಯುದ್ಧದ ಅತ್ಯಂತ ದೊಡ್ಡ ವಿಜಯವು ದೊರೆತುದೂ ನಮ್ಮ ಚಿತ್ರದುರ್ಗದ ಸೀಮೆಯಲ್ಲಿಯೇ. ೧೬೮೭ರಲ್ಲಿ ಬೆಂಗಳೂರನ್ನು ಹಿಡಿದ ಮೊಗಲ ಸರದಾರ ಕಾಸಿಮಖಾನನನ್ನು ೧೬೯೫ರ ನವೆಂಬರಿನಲ್ಲಿ ಸಂತಾಜಿ ಘೋರ್ಪಡೆಯು ದೊಡ್ಡೇರಿಯ ಸಣ್ಣ ಕೋಟೆಯೊಳಕ್ಕೆ ಅಟ್ಟಿ ಸುತ್ತುಗಟ್ಟಿದನು. ಕನ್ನಡನಾಡಿನ ಕಾಲಾಳು ಬಂದೂಕುಗಾರರು ಸಂತಾಜಿಯ ದಂಡಿನಲ್ಲಿದ್ದರು. ಕೋಟೆಯಲ್ಲಿ ಅನ್ನ ತೀರಿತು. ಕಾಸಿಮಖಾನನು ಅಲ್ಲಿಯೇ ಸತ್ತನು. ಉಳಿದ ಸರದಾರರು ಇಪ್ಪತ್ತು ಲಕ್ಷ ರೂಪಾಯಿಗಳ ದಂಡಕ್ಕೆ ಒಪ್ಪಿ ಬರಿಗೈಯಲ್ಲಿ ಹೊರಬಿದ್ದರು. ಎರಡು ತಿಂಗಳೊಳಗಾಗಿ ಬಸವಾಪಟ್ಟಣದ ಬಳಿ ಹಿಮ್ಮತಖಾನನೂ ಮಡಿದನು. ಇಂತಹ ಸಂತಾಜಿಯು ಮುಂದೆ ಒಂದೂವರೆ ವರ್ಷದಲ್ಲಿ, ಧನಾಜಿ ಜಾಧವನೊಡನೆಯೂ ಸ್ವತಃ ರಾಜಾರಾಮನೊಡನೆಯೂ ವಿರಸವನ್ನು ಕಟ್ಟಿಕೊಂಡು, ಮರಾಠನೊಬ್ಬನ ಕೈಯಿಂದಲೇ ಹತನಾದನು. ಈ ಮಾತನ್ನು ಉತ್ಸವದ ವೇದಿಕೆಗಳಲ್ಲಿ ಯಾರೂ ಆಡುವುದಿಲ್ಲ.

ದೊರೆಯಿಲ್ಲದ, ಖಜಾನೆಯಿಲ್ಲದ, ರಾಜಧಾನಿಯಿಲ್ಲದ ಜನವು ಇಪ್ಪತ್ತೈದು ವರ್ಷ ದಕ್ಷಿಣದಲ್ಲಿ ಕುಳಿತ ಚಕ್ರವರ್ತಿಯನ್ನು ದಣಿಸಿ ೧೭೦೭ರಲ್ಲಿ ಅಹಮದನಗರದಲ್ಲಿ ಮಣ್ಣುಗೂಡಿಸಿತು. ರಾಜಾರಾಮನ ನಂತರ ತಾರಾಬಾಯಿಯು ಏಳು ವರ್ಷ ಈ ಹೋರಾಟವನ್ನು ನಡೆಸಿದಳು. ಭಾರತದ ಇತಿಹಾಸದಲ್ಲಿ ಇದಕ್ಕೆ ಸಮವಾದ ಜನಯುದ್ಧವು ವಿರಳ. ಆದರೆ ಅದರ ಬೆಲೆಯೂ ದೊಡ್ಡದಾಯಿತು. ಖಜಾನೆಯಲ್ಲಿ ನಗದು ಇಲ್ಲದುದರಿಂದ ಹೋರಾಡುವವರಿಗೆ ಸರಂಜಾಮು, ವತನುಗಳನ್ನು ಬರೆದುಕೊಡಬೇಕಾಯಿತು. ಯಾವನು ಎಷ್ಟು ಗೆದ್ದರೆ ಅಷ್ಟು ಅವನದು! ಮಹಾರಾಜರು ಮುಚ್ಚಿದ್ದ ಬಾಗಿಲನ್ನು ಪ್ರಾಣಸಂಕಟದಲ್ಲಿ ತೆರೆದರು. ಸಂಕಟವು ಕಳೆದ ಮೇಲೆ ಅದನ್ನು ಮುಚ್ಚುವವರಿಲ್ಲದೆ ಹೋದರು. ಆ ಕಷ್ಟಕಾಲದಲ್ಲಿ ರಾಜ್ಯವನ್ನು ಹೊತ್ತಿದ್ದ ರಾಮಚಂದ್ರಪಂತ ಅಮಾತ್ಯನು ೧೭೧೫ರ ಸುಮಾರಿಗೆ ಬರೆದ ಆಜ್ಞಾಪತ್ರದಲ್ಲಿ ವತನುದಾರರ ಸ್ವಾರ್ಥವನ್ನು ಕುರಿತು ಕಠಿನವಾಗಿಯೇ ಎಚ್ಚರಿಸಿದನು. ಹಡಗಿನ ಮರಕ್ಕಾಗಿ ರೈತನ ಮಾವು ಹಲಸುಗಳನ್ನು ಕಡಿಯಬಾರದು, ತೀರ ಅಗತ್ಯವಾದರೆ ಒಡೆಯನನ್ನು ಒಪ್ಪಿಸಿ ಹಣ ಕೊಟ್ಟು ಮುದಿಮರವನ್ನು ತೆಗೆದುಕೊಳ್ಳಬೇಕೆಂದನು. ಟೊಪ್ಪಿಗೆಯ ವರ್ತಕರು ಬರಿಯ ವರ್ತಕರಲ್ಲ, ನೆಲದ ಆಸೆಯುಳ್ಳವರೆಂದೂ ಹೇಳಿದನು. ಇದನ್ನು ಓದಬೇಕಾದವರು ಓದಲಿಲ್ಲ.

ಪೇಶವೆಯರ ಕಾಲದಲ್ಲಿ ಸೈನ್ಯವು ದಿಲ್ಲಿಯವರೆಗೆ, ಅಟಕಿನವರೆಗೆ ನಡೆಯಿತು. ಮೊದಲನೆಯ ಬಾಜೀರಾಯನು ೧೭೨೮ರಲ್ಲಿ ಪಾಲಖೇಡದಲ್ಲಿ ನಿಜಾಮನನ್ನು ಕಟ್ಟಿಹಾಕಿದ ಜಾಣ್ಮೆಯನ್ನು ಯುದ್ಧಶಾಸ್ತ್ರಜ್ಞರು ಈಗಲೂ ಹೊಗಳುವರು. ಅದೇ ಬಾಜೀರಾಯನು ಸಾಲಗಾರರ ಕಾಲಿಗೆ ಬಿದ್ದು ಬಿದ್ದು ಹಣೆಯ ಚರ್ಮವೇ ಸವೆಯಿತೆಂಬ ಅರ್ಥದಲ್ಲಿ ತನ್ನ ಗುರುವಿಗೆ ಬರೆದುಕೊಂಡನು. ಗೆದ್ದ ನಾಡಿನ ಉತ್ಪನ್ನವು ಸರದಾರನಿಗೆ, ಸಾಲವು ಪೇಶವೆಗೆ. ಹೀಗಾಗಿ ಚೌಥಾಯಿಯ ವಸೂಲಿಯೇ ರಾಜ್ಯದ ಉದ್ಯೋಗವಾಯಿತು. ೧೭೪೨ರಿಂದ ನಾಗಪುರದ ಭೋಸಲೆಯವರ ಸವಾರರು ವರ್ಷವರ್ಷವೂ ಬಂಗಾಳಕ್ಕೆ ಇಳಿದರು. ೧೭೫೧ರಲ್ಲಿ ಆ ನವಾಬನು ವರ್ಷಕ್ಕೆ ಹನ್ನೆರಡು ಲಕ್ಷ ರೂಪಾಯಿಗಳಿಗೆ ಒಪ್ಪಿಕೊಂಡ ಮೇಲೆಯೇ ಅದು ನಿಂತುದು. ಬಂಗಾಳದ ತಾಯಂದಿರು ಇಂದಿಗೂ ಮಕ್ಕಳನ್ನು ಮಲಗಿಸಲು ಹಾಡುವ ಜೋಗುಳದಲ್ಲಿ ಹೆದರಿಸುವ ಹೆಸರು ಬರ್ಗಿ. ಅದು ನಾವು ಮೇಲೆ ಹೇಳಿದ ಬಾರಗೀರನೇ. ಸರಕಾರದ ಸಂಬಳವನ್ನು ತಿಂದು ರೈತನ ಹುಲ್ಲಿಗೆ ಕೈಹಚ್ಚಬಾರದೆಂದು ಆಜ್ಞೆಹೊಂದಿದ್ದ ಆ ಬಾರಗೀರನೇ.

ಪಾಣಿಪತ್ತಿನ ಮಾತನ್ನು ಬೆಳೆಸುವುದಿಲ್ಲ. ೧೭೬೧ರ ಜನವರಿ ೧೪ರಂದು ಅಬ್ದಾಲಿಯ ಎದುರಿಗೆ ಹೊರಟ ದಂಡು ಹಸಿದ ದಂಡಾಗಿತ್ತೆಂಬುದನ್ನು ನೆನೆದರೆ ಸಾಕು.

ಕನ್ನಡಿಗರಾದ ನಮಗೆ ಹೆಚ್ಚು ಸಮೀಪದ ಗಾಯವು ೧೭೯೧ರದು. ಟಿಪ್ಪುವಿನ ಮೇಲೆ ಇಂಗ್ಲಿಷರೊಡನೆ ಕೂಡಿ ಬಂದ ಪರಶುರಾಮಭಾವೂ ಪಟವರ್ಧನನ ಸೈನ್ಯವು ಧಾರವಾಡವನ್ನು ತಿಂಗಳುಗಟ್ಟಲೆ ಮುತ್ತಿ ತೆಗೆದುಕೊಂಡು ದಕ್ಷಿಣಕ್ಕೆ ಸಾಗಿತು. ಅದರ ಒಂದು ತುಕಡಿಯು ಶೃಂಗೇರಿಯ ಮಠವನ್ನು ಸುಲಿಯಿತು. ಶಾರದೆಯ ವಿಗ್ರಹವು ಸ್ಥಾನಪಲ್ಲಟವಾಯಿತು, ಜನರು ಸತ್ತರು, ಜಗದ್ಗುರುಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಪುನಃಪ್ರತಿಷ್ಠೆಗೆ ಹಣವನ್ನೂ ಸಾಮಗ್ರಿಯನ್ನೂ ಕೊಡುವಂತೆ ಟಿಪ್ಪು ಅಪ್ಪಣೆಮಾಡಿದ ಕನ್ನಡ ಪತ್ರಗಳು ೧೯೧೬ರಲ್ಲಿ ಮೈಸೂರಿನ ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದುವು. ಸುಲಿದವರು ಸವಾರರಲ್ಲ, ದಂಡಿನ ಹಿಂದೆ ಬಂದ ಪೆಂಢಾರರೆಂದು ಕೆಲವರು ವಾದಿಸುವುದುಂಟು. ಆಗಲಿ. ಸಂಬಳವಿಲ್ಲದೆ, ಕೊಳ್ಳೆಯೇ ಕೂಲಿಯೆಂದು, ಆ ಪೆಂಢಾರರನ್ನು ಬೆನ್ನಿಗೆ ಕಟ್ಟಿಕೊಂಡು ಬಂದವರು ಯಾರು? ಇದನ್ನು ಹಿಂದೂ ಮುಸಲ್ಮಾನರ ತಕ್ಕಡಿಯಲ್ಲಿಟ್ಟು ತೂಗುವವರು ಎರಡು ಪಕ್ಷಗಳಲ್ಲಿಯೂ ಇದ್ದಾರೆ. ನಮಗೆ ಕಾಣುವುದು ಸಂಬಳದ ಲೆಕ್ಕ ತಪ್ಪಿದ ಸೈನ್ಯದ ದುರ್ಗತಿ.

ಕಡೆಯ ಅಂಕದಲ್ಲಿ ಈ ಲೆಕ್ಕವನ್ನು ಇಂಗ್ಲಿಷರು ತೀರಿಸಿದರು. ಹೋಳಕರನಿಗೆ ಹೆದರಿ ಓಡಿದ ಎರಡನೆಯ ಬಾಜೀರಾಯನು ೧೮೦೨ರ ಡಿಸೆಂಬರ್ ೩೧ರಂದು ವಸಾಯಿಯಲ್ಲಿ ಸಹಿಮಾಡಿದ ಒಪ್ಪಂದದ ಪ್ರಕಾರ ಆರು ಇಂಗ್ಲಿಷ್ ಪಲ್ಟಣಗಳ ಖರ್ಚಿಗಾಗಿ ಇಪ್ಪತ್ತಾರು ಲಕ್ಷ ರೂಪಾಯಿ ಉತ್ಪನ್ನದ ಸೀಮೆಯನ್ನು ಬಿಟ್ಟುಕೊಟ್ಟನು. ಪೇಶವೆಯ ರೈತನ ತೆರಿಗೆಯಿಂದ ಪೇಶವೆಯನ್ನೇ ಕಾಯುವ ಪರದೇಶದ ಸೈನ್ಯ! ಮರುವರ್ಷ ಶಿಂದೆಯ ಸುಶಿಕ್ಷಿತ ಪಲ್ಟಣಗಳನ್ನು ನಡೆಸುತ್ತಿದ್ದ ಯುರೋಪಿಯನ್ ಅಧಿಕಾರಿಗಳಲ್ಲಿ ಅನೇಕರು ಯುದ್ಧದ ಹೊತ್ತಿಗೆ ಇಂಗ್ಲಿಷರ ಕಡೆಗೆ ನಡೆದರು. ಅಸಾಯಿಯಲ್ಲಿ ಸಿಪಾಯಿಗಳು ವೀರಾವೇಶದಿಂದ ಕಾದಿ ಸೋತರು. ೧೮೧೮ರಲ್ಲಿ ಎಲ್ಲವೂ ಮುಗಿಯಿತು.

ಇಷ್ಟನ್ನು ಬರೆದುದು ಯಾರ ಕೀರ್ತಿಯನ್ನೂ ಕುಗ್ಗಿಸುವುದಕ್ಕಲ್ಲ. ಗಡಿಯ ವ್ಯಾಜ್ಯವೆದ್ದಾಗಲೆಲ್ಲ ಆ ಕಡೆಯವರು ಶಿವಾಜಿಯನ್ನೂ ಈ ಕಡೆಯವರು ಶೃಂಗೇರಿಯನ್ನೂ ಸಾಕ್ಷಿಗೆ ಎಳೆದುತರುವುದನ್ನು ಕಂಡು ನಾವು ಬೇಸತ್ತಿದ್ದೇವೆ. ಬೆಂಗಳೂರಿನಲ್ಲಿ ಆಳಿ, ೧೬೬೪ರಲ್ಲಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯ ಬಳಿ ಮಡಿದ ಷಹಾಜಿಯ ಸಮಾಧಿಯು ಅಲ್ಲಿಯೇ ಇದೆ. ಬಸವಾಪಟ್ಟಣವು ಅಲ್ಲಿಂದ ಬಹಳ ದೂರವಲ್ಲ. ದೊಡ್ಡೇರಿ, ಬಿದನೂರು, ಬಸರೂರುಗಳು ನಮ್ಮವೇ. ಯುನೆಸ್ಕೊ ಪಟ್ಟಿಯಲ್ಲಿ ಇವುಗಳಲ್ಲೊಂದರ ಹೆಸರೂ ಇಲ್ಲ. ಇರಬೇಕೆಂದು ನಾವು ಹಟ ಹಿಡಿಯುವುದೂ ಇಲ್ಲ. ಆದರೆ ನಮ್ಮ ವಿದ್ಯಾ ಇಲಾಖೆಯವರು ಚಿಪಳೂಣದ ಪತ್ರ, ಅಮಾತ್ಯನ ಆಜ್ಞಾಪತ್ರದ ಆಯ್ದ ಭಾಗಗಳು, ಶೃಂಗೇರಿಯ ಪತ್ರಗಳು, ಈ ಮೂರನ್ನು ಒಂದೇ ಚಿಕ್ಕ ಕನ್ನಡ ಪುಸ್ತಕದಲ್ಲಿ ಸೇರಿಸಿ ಅಚ್ಚುಹಾಕಿಸಿ ಪ್ರೌಢಶಾಲೆಗಳಿಗೆ ಕಳುಹಿಸಲಿ. ಮರಾಠಿಯಿಂದ ಚೆನ್ನಾಗಿ ಭಾಷಾಂತರಿಸಬಲ್ಲವರು ಬೆಳಗಾವಿ ಧಾರವಾಡಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಖರ್ಚೂ ಹೆಚ್ಚಿನದಲ್ಲ.