ಬುಡ ಕೊಳೆಯುವಾಗ ಎಲೆಗೆ ಔಷಧಿ

ಸಂಘದ ಕೆಲಸದ ನಿಮಿತ್ತ ಬೆಂಗಳೂರಿಗೆ ಹೋದಾಗ ನಾವು ಬಾಗಲಗುಂಟೆಯಲ್ಲಿ ಪರಿಚಿತರೊಬ್ಬರ ಮನೆಯಲ್ಲಿ ತಂಗಿದ್ದೆವು. ಅವರ ಹಿತ್ತಲಿನ ಅಂಜೂರದ ಮರದ ಎಲೆಗಳು ಹಳದಿಯಾಗಿ ಉದುರುತ್ತಿದ್ದವು, ಕಾಯಿ ಬಲಿಯುವ ಮೊದಲೇ ಬಾಡುತ್ತಿತ್ತು. ಎಲೆಗೆ ಎರಡು ಸಲ ಔಷಧಿ ಹೊಡೆಸಿದ್ದರಂತೆ. ನಾವು ಬುಡ ಕೆದಕಿ ನೋಡಿದೆವು. ಮಣ್ಣಿನ ಮಟ್ಟದಲ್ಲಿ ತೊಗಟೆ ಕಂದಾಗಿ, ಉಗುರು ತಾಗಿಸಿದರೆ ಸುಲಿದು ಬರುತ್ತಿತ್ತು. ಬಟ್ಟೆ ಒಗೆದ ನೀರೆಲ್ಲ ಅಲ್ಲೇ ನಿಲ್ಲುತ್ತಿತ್ತು. ಸಾಲದ್ದಕ್ಕೆ ಕಾಂಡ ಹೂತುಹೋಗುವಷ್ಟು ಗೊಬ್ಬರ, ಮಣ್ಣು ಏರಿಸಿದ್ದರು. ಪ್ರೀತಿಯಿಂದಲೇ ಮಾಡಿದ್ದು! ಬುಡ ಬಿಡಿಸಿ, ನೀರಿಗೆ ಬೇರೆ ದಾರಿ ಮಾಡಿಕೊಟ್ಟು ಬಂದೆವು. ತೊಗಟೆ ಸುತ್ತಲೂ ಕೊಳೆತಿರಲಿಲ್ಲವಾದ್ದರಿಂದ ಮರ ಉಳಿಯಬಹುದೆಂಬ ಆಸೆಯಿದೆ.

ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಕುಲದ ಜೀವಿಗಳೇ ಅಂಜೂರದಂಥ ಹಣ್ಣಿನ ಮರಗಳ ಬುಡವನ್ನೂ ಕೊಳೆಸಬಲ್ಲವು. ಅವುಗಳ ಬೀಜಾಣುಗಳು ನಿಂತ ನೀರಿನಲ್ಲಿ ಈಜಿ ಬೇರಿಗೆ ಬರುತ್ತವೆ. ಗೊನೆಯ ಕೊಳೆಗೆ ಬೋರ್ಡೋ ದ್ರಾವಣವನ್ನು 1910ರ ಸುಮಾರಿಗೆ ಕೋಲ್ಮನ್ ಸಾಹೇಬರು ನಮ್ಮ ಹಿರಿಯರಿಗೆ ಕಲಿಸಿಕೊಟ್ಟರು. ಅಂದಿನಿಂದ ಕೊಳೆ ಎಂದರೆ ನಾವು ಮೇಲಕ್ಕೇ ನೋಡುತ್ತೇವೆ.

ನಮ್ಮ ತೋಟಗಳಲ್ಲಿ ಬುಡಕ್ಕೆ ಬರುವ ಶಿಲೀಂಧ್ರಗಳು ಬೇರೆ, ಆದರೆ ಉದಾಸೀನ ಅದೇ. ಅಡಿಕೆಗೆ ಅಣಬೆ ರೋಗ ಬಂದು ಬುಡದಲ್ಲಿ ಅಣಬೆ ಏಳುವ ಹೊತ್ತಿಗೆ ಮರ ಕೈಬಿಟ್ಟಂತೆಯೇ. ಕಾಫಿಯಲ್ಲಿ ಕಂದು, ಕೆಂಪು, ಕಪ್ಪು ಬೇರು ರೋಗಗಳು ಹೆಚ್ಚಾಗಿ ಹುಟ್ಟುವುದು ಕಡಿದ ನೆರಳುಮರದ ಕೊರಡಿನಲ್ಲಿ. ಅಂಜೂರದ ಬಂಧುಗಳಾದ ಅತ್ತಿ, ಗೋಣಿ, ಬಸರಿ ಮರಗಳನ್ನು ಕಡಿದು ಕೊರಡು ಬಿಟ್ಟವರು ನಮ್ಮಲ್ಲಿ ಎಷ್ಟು ಜನವಿಲ್ಲ? ನಾವೂ ಬಿಟ್ಟವರೇ.

ಮಾಡಬೇಕಾದ್ದು ಹೊಸದೇನಲ್ಲ. ರೋಗದ ಗಿಡವನ್ನು ಬೇರುಸಹಿತ ಕಿತ್ತು ಅಲ್ಲೇ ಸುಡಬೇಕು. ಅದರ ಸುತ್ತಲಿನ ಒಂದು ಸಾಲು ಗಿಡಗಳನ್ನೂ ಒಳಗೆ ಸೇರಿಸಿ ಎರಡು ಅಡಿ ಆಳ, ಒಂದು ಅಡಿ ಅಗಲದ ಕಂದಕ ತೆಗೆಯಬೇಕು. ಕಾಫಿಯಾದರೆ ಕಿತ್ತ ಜಾಗಕ್ಕೆ ಒಂದೆರಡು ಕಿಲೋ ಸುಣ್ಣ ಹಾಕಿ ಆರು ತಿಂಗಳು ಖಾಲಿ ಬಿಡಬೇಕು. ಅಡಿಕೆಗೆ ಬಸಿಗಾಲುವೆ ಮತ್ತು ವರ್ಷಕ್ಕೆ ಮರವೊಂದಕ್ಕೆ 2 ಕಿಲೋ ಬೇವಿನ ಹಿಂಡಿ.

ಕೂಲಿಯಾಳು ಎಲ್ಲಿಂದ ತರುವುದೆಂದು ಕೇಳುತ್ತೀರಿ. ಕೇಳುವುದು ನ್ಯಾಯವೇ. ಒಂದೆಕರೆಯವನು ಕೊರಡು ಕೀಳಿಸಲು ಹೊರಟರೆ ಕೈಸುಟ್ಟುಕೊಳ್ಳುತ್ತಾನೆ. ಆದರೆ ಬೇರಿನ ರೋಗಕ್ಕೆ ಬೇಲಿ ಗೊತ್ತಿಲ್ಲ. ಅವನ ಕೊರಡು ಪಕ್ಕದವನ ಗಿಡವನ್ನೂ ತಿನ್ನುತ್ತದೆ. ನಮ್ಮ ಸಂಘ ಮೈಲುತುತ್ತಕ್ಕೆ ಸಾಲ ಕೊಡುತ್ತದೆ, ಗುದ್ದಲಿ ಕೆಲಸಕ್ಕೆ ಕೊಡುವುದಿಲ್ಲ. ಇದು ತಪ್ಪೆಂದು ನಮ್ಮ ಅಭಿಪ್ರಾಯ. ಬಸಿಗಾಲುವೆಗೂ ಕೊರಡು ಕೀಳಿಸುವುದಕ್ಕೂ ಸಾಲ ಸಿಗಬೇಕು, ಅಕ್ಕಪಕ್ಕದವರು ಮುಯ್ಯಾಳಾಗಿ ದುಡಿಯಬೇಕು. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತಲಿದ್ದೇವೆ. ಸದಸ್ಯ ಬಾಂಧವರು ತಮ್ಮ ತೋಟದಲ್ಲಿ ಉಳಿದಿರುವ ಕೊರಡುಗಳನ್ನು ಎಣಿಸಿಕೊಂಡು ಬರಬೇಕಾಗಿ ವಿನಂತಿ.