ಸಾಮಾನ್ಯರ ಬದುಕಿಗೊಂದು ಕನಸು

ಭರವಸೆ ತುಂಬುವ ಕಥೆಗಳೆಲ್ಲ ಬರಿಯ ಪಲಾಯನವೆಂಬ ಟೀಕೆ ಹಳೆಯದು. ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013) ಅದಕ್ಕೆ ತಕ್ಕ ಉತ್ತರವೆಂಬುದು ನನ್ನ ಭಾವನೆ. ಕನಸು ತರಿಸುವ ಮಾತ್ರೆಯೆಂಬ ವೈಜ್ಞಾನಿಕ ಕಲ್ಪನೆಯ ಮೇಲೆ ನಿಂತ ಪ್ರೇಮಕಥೆಯಿದು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಆಸನ ತೋರಿಸುವ ಹುಡುಗ, ತಾನು ತಾರೆಯಾದಂತೆ ಕನಸು ಕಾಣುತ್ತಾನೆ. ಆದರೆ ಕನಸು ಕಾಣುತ್ತಿದ್ದವನು ತಾರೆಯೇ, ಅವನು ಹಂಬಲಿಸಿದ್ದು ಆ ಹುಡುಗನ ಸರಳ ಬದುಕಿಗೆ, ಪ್ರೀತಿಗೆ ಎಂಬುದು ಕೊನೆಗೆ ತಿಳಿಯುತ್ತದೆ.

ಸಾಮಾನ್ಯರ ಬದುಕಿನ ಘನತೆಯನ್ನು ಕಾಣಿಸುವುದು ಪಲಾಯನವಲ್ಲ. ನಮ್ಮ ಬೆಂಗೇರಿಯ ಖಾದಿ ಸಂಘದಲ್ಲಿ ಮಹಿಳೆಯರು ರಾಷ್ಟ್ರಧ್ವಜ ಹೊಲಿಯುತ್ತಾರೆ. ಬಾವುಟ ಬಾನಿಗೇರುತ್ತದೆ, ಹೊಲಿದ ಕೈಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥವರಿಗೆ ತಮ್ಮ ಬದುಕಿನ ಬೆಲೆ ತಿಳಿಸುವ ಕಥೆಗಳು ಬೇಕು. ‘ಲೂಸಿಯಾ’ಕ್ಕೆ ಹಣ ಹೂಡಿದವರು ಪ್ರೇಕ್ಷಕರೇ ಎಂಬುದನ್ನು ಚಿತ್ರೋದ್ಯಮ ಮರೆಯಬಾರದು.